ಕವಚ ಕಳಚಿದ ಗಡಿಯಾರಗಳು

ಕಾಲವನ್ನೇ ಪರೀಕ್ಷೆಗೆ ಕೂರಿಸುವ ಮನೆಯೊಂದಿತ್ತಂತೆ. ಒಬ್ಬ ಅಣ್ಣ, ಒಬ್ಬಳು ತಂಗಿ; ಆ ತಂಗಿ ಅಲ್ಲಿ ಕೆಲಸಕ್ಕಿದ್ದಳಂತೆ. ಎಂಥ ಶ್ರೀಮಂತರ ಕೈಗಡಿಯಾರವಾದರೂ ಚಿನ್ನದ ಕವಚ, ಹೆಸರು, ಹಮ್ಮು ಎಲ್ಲ ಕಳಚಿಟ್ಟು, ಬರೀ ಯಂತ್ರವಾಗಿ, ನಂಬರೊಂದನ್ನು ಹೊತ್ತು ಅವಳ ತಟ್ಟೆಗೆ ಬರಬೇಕು. ಹದಿನೈದು ದಿನ ಅವನ್ನು ಅಂಗಾತ, ಬೋರಲು, ಮಗ್ಗುಲಾಗಿ ಮಲಗಿಸಿ, ಚಳಿಗೂ ಸೆಕೆಗೂ ಒಡ್ಡಿ, ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅಳೆಯಬೇಕು. ದಿನಕ್ಕೆ ಸರಾಸರಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದರೆ, ಆರಕ್ಕಿಂತ ಹೆಚ್ಚು ಮುಂದೆ ಓಡಿದರೆ ಪ್ರಮಾಣಪತ್ರವಿಲ್ಲ. ಒಂದು ದಿನ ಅಳತೆ ತಪ್ಪಿದರೂ ಹದಿನೈದು ದಿನವೂ ನೀರುಪಾಲು.

ಆ ಸಲ ತಟ್ಟೆಯಲ್ಲಿದ್ದದ್ದು ಎರಡೇ. ಒಂದು, ಅವಳ ಸೋದರಮಾವ ಕೈಯಾರೆ ಮಾಡಿದ್ದು. ಈಗ ಮಾವನ ಕಣ್ಣು ಪೂರಾ ಮಂಜು; ಇನ್ನೊಂದು ಮಾಡುವುದಿರಲಿ, ಇದನ್ನು ಬಿಚ್ಚಿ ತಿದ್ದುವುದೂ ಆಗದ ಮಾತು. ಹದಿನೈದು ಅಳತೆಯನ್ನೂ ನಾನೇ ತೆಗೆಯುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು.

ಹದಿನೈದನೆಯ ದಿನ, ಹತ್ತಕ್ಕೆ ಹತ್ತು ನಿಮಿಷವಿರುವಾಗ ಅಣ್ಣ ಬಂದು ಬಾಗಿಲ ಚಿಲಕ ಹಾಕಿದ. ಅವನು ದೊಡ್ಡ ಕಾರ್ಖಾನೆಯೊಂದರ ಗಡಿಯಾರ ಮಾರುವವನು. ತಟ್ಟೆಯ ಇನ್ನೊಂದು ಯಂತ್ರ ಆ ಕಾರ್ಖಾನೆಯದು, ದಿನಕ್ಕೆ ಏಳು ಸೆಕೆಂಡು ಹಿಂದೆ. ಅದು ಫೇಲಾದರೆ ತನ್ನ ಕೆಲಸ ಹೋಗುತ್ತದೆ, ಏಳನ್ನು ನಾಲ್ಕು ಮಾಡು ಎಂದು ಮೊದಮೊದಲು ಗೋಗರೆದ.

"ಮೂರು ಸೆಕೆಂಡು ಕಣೇ. ಅಷ್ಟಕ್ಕೆ ಒಡಹುಟ್ಟಿದವನ ಅನ್ನ ಕಿತ್ಕೋತೀಯಾ?"

"ದಿನಕ್ಕೆ ಮೂರು, ಅಣ್ಣ. ಅದನ್ನ ಕಟ್ಟಿಕೊಂಡೋನು ವರ್ಷದ ಕೊನೆಗೆ ರೈಲು ತಪ್ಪಿಸ್ಕೋತಾನೆ."

ಕಪಾಳಕ್ಕೆ ಬಿದ್ದ ಏಟಿಗೆ ಅವಳ ತುಟಿ ಮೇಜಿನ ಅಂಚಿಗೆ ಬಡಿದು ಸೀಳಿತು.

"ಹಾಗಾದ್ರೆ ಆ ಮುದುಕಂದೂ ಪಾಸಾಗ್ಬಾರ್ದು. ಯಾವುದು ಅವಂದು, ಹೇಳು."

ಅವಳು ತಟ್ಟೆಗೆ ಅಡ್ಡ ನಿಂತಳು. ಅವನು ಅವಳ ಬಲಗೈಯನ್ನು ಚಳಿಪೆಟ್ಟಿಗೆಯ ಸಂದಿಗೆ ತುರುಕಿ ಕಬ್ಬಿಣದ ಬಾಗಿಲನ್ನು ಒದ್ದ. ಎರಡು ಬೆರಳು ಲಟಕ್ಕೆಂದವು. ಆಗಲೂ ಹೇಳಲಿಲ್ಲ.

ಅವನು ಚಿನ್ನ ಬಲ್ಲವನೇ ಹೊರತು ಒಂದು ದಿನವೂ ಗಡಿಯಾರ ಬಿಚ್ಚಿ ನೋಡಿದವನಲ್ಲ. ಪಳಪಳ ಹೊಳೆಯುತ್ತಿದ್ದುದು ಕಾರ್ಖಾನೆಯದು, ಮಂಕಾಗಿದ್ದುದು ಮುದುಕನದು ಎಂದುಕೊಂಡ. ಮಾವ ಎರಡು ವರ್ಷ ಕೂತು ಒಂದೊಂದು ತಿರುಪನ್ನೂ ಉಜ್ಜಿ ಹೊಳಪಿಸಿದ್ದು ಅವನಿಗೇನು ಗೊತ್ತು? ಮಂಕಾದದ್ದನ್ನು ನೆಲಕ್ಕೆಸೆದು ಕಬ್ಬಿಣದ ಸ್ಟೂಲಿನಿಂದ ಜಜ್ಜಿದ. ಸುರುಳಿ ಸ್ಪ್ರಿಂಗು ಚಿಮ್ಮಿ ಅವನದೇ ಕೆನ್ನೆ ಗೀರಿ ರಕ್ತ ಇಳಿಯಿತು.

"ನೀನು ಜಜ್ಜಿದ್ದು ನಿಮ್ಮ ಕಾರ್ಖಾನೇದು," ಎಂದಳು ತಂಗಿ.

ಸ್ಟೂಲು ಅವಳ ಭುಜದ ಮೇಲೆ ಬಿತ್ತು. ಮತ್ತೊಮ್ಮೆ ಎತ್ತುವಷ್ಟರಲ್ಲಿ ಅವಳು ಮಾವನ ಯಂತ್ರವನ್ನು ಎದೆಗವಚಿಕೊಂಡು ತಳ್ಳಿದ ರಭಸಕ್ಕೆ ಅವನ ತಲೆ ಗೋಡೆಗೆ ಬಡಿಯಿತು. ಅವನು ಕುಸಿದು ಕೂತು, ನೆಲದ ಮೇಲಿನ ಚೂರುಗಳನ್ನೇ ನೋಡುತ್ತ ಉಳಿದ.

ಹತ್ತು ಹೊಡೆಯಿತು. ಅವಳು ಯಂತ್ರವನ್ನು ಅಳೆಯುವ ಕ್ಯಾಮೆರಾದ ಕೆಳಗಿಟ್ಟಳು. ಎರಡು ಸೆಕೆಂಡು ಮುಂದೆ. ದಾಖಲೆ ಪುಸ್ತಕದ ಹದಿನೈದನೆಯ ಚೌಕದಲ್ಲಿ ಎಡಗೈಯಿಂದ, ವಕ್ರವಾಗಿ, ಎರಡು ಎಂದು ಬರೆದು ಸಹಿ ಹಾಕಿದಳು.