ಸತ್ತಿದೆ ಎಂದು ಬರೆದ ಇಂಜಿನ್

ತನ್ನ ಬಲದ ಮೇಲೆ ತಾನೇ ಓಡಿಕೊಂಡು ಶೆಡ್ಡಿಗೆ ಬಂದ ಹಳೆಯ ಡೀಸೆಲ್ ರೈಲು ಇಂಜಿನನ್ನು ಅದೇ ದಿನ ಆಡಳಿತದವರು ಕಡತದಲ್ಲಿ ಸತ್ತಿದೆ ಎಂದು ಬರೆದರು. ಅದನ್ನು ನೋಡಿಕೊಳ್ಳುತ್ತಿದ್ದವರನ್ನೆಲ್ಲ ಮನೆಗೆ ಕಳಿಸಿದರು. ಶೆಡ್ಡಿನ ಜಾಗದಲ್ಲಿ ಗೋದಾಮು ಬರಬೇಕಿತ್ತು.

ಹಾಗೆ ಹೋದವರಲ್ಲಿ ಇಬ್ಬರು ಮಾತ್ರ ಮನೆಯಲ್ಲಿ ಕೂರಲಿಲ್ಲ. ಒಬ್ಬಳು ಫಿಟ್ಟರ್. ಇನ್ನೊಬ್ಬ ಡ್ರೈವರ್, ಗುಟ್ಟು ಹೇಳಿದರೂ ಊರಿಗೆಲ್ಲ ಕೇಳುವಂಥ ಗಂಟಲಿದ್ದುದರಿಂದ ಅವನಿಗೆ ‘ಹಾರ್ನ್’ ಎಂದೇ ಹೆಸರು. ಇಬ್ಬರೂ ಸಂಘ ಕಟ್ಟಿ, ಕಾಡಿ ಬೇಡಿ ಒಳಗೆ ಹೋಗುವ ಅನುಮತಿ ಪಡೆದು, ಬಿಡುವು ಸಿಕ್ಕಾಗಲೆಲ್ಲ ಇಂಜಿನನ್ನು ಬಿಚ್ಚಿ, ತೊಳೆದು, ಜೋಡಿಸಿದರು. ಆಡಳಿತದ ಷರತ್ತು ಒಂದೇ: ಗಡುವಿನೊಳಗೆ ತಾನಾಗಿ ಚಲಿಸಿದರೆ ಇಂಜಿನ್ ಸಂಘದ್ದು, ಇಲ್ಲವಾದರೆ ಗುಜರಿಗೆ. ಗಡುವು ಇವತ್ತು ಸಂಜೆ. ಆದರೆ ಅದನ್ನು ಕೊಯ್ದು ಹಾಕಲು ಗ್ಯಾಸ್ ಕಟರಿನವನನ್ನು ಬೆಳಿಗ್ಗೆಯೇ ಕರೆಸಿದ್ದರು.

ಬಂದವನು ಫಿಟ್ಟರಳ ಮೈದುನ. ತೋಳಿನ ತುಂಬ ಸುಟ್ಟ ಚುಕ್ಕೆಗಳಿದ್ದ ಅವನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು.

"ಏನಪ್ಪಾ ಮೈದುನಾ, ಅತ್ತಿಗೆ ತವರಿಗೇ ಬೆಂಕಿ ಇಡೋಕೆ ಬಂದ್ಯಾ?" ಎಂದಳು ಫಿಟ್ಟರ್.

"ಕಬ್ಬಿಣ ಕೊಯ್ಯೋದಿದೆ ಅಂದ್ರು, ಬಂದೆ ಅತ್ತಿಗೆ. ನಾನು ಬಿಟ್ರೆ ಇನ್ನೊಬ್ಬ ಬರ್ತಾನೆ."

"ಬರ್ತಾನೆ, ಬರ್ತಾನೆ. ಸಾಹೇಬ ಬರೋವರೆಗೂ ನಿಂತು ಬೇರು ಬಿಡಬೇಡ. ಈ ಸಲಾಕೆ ಹಿಡಿ."

ಎಷ್ಟೋ ಕಾಲ ನಿಂತಿದ್ದ ಇಂಜಿನನ್ನು ಏಕಾಏಕಿ ಶುರು ಮಾಡುವಂತಿಲ್ಲ. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಮೊದಲ ಏಟಿಗೇ ಒಳಗಿನದೆಲ್ಲ ಬಗ್ಗಿಹೋಗುತ್ತದೆ. ಅದಕ್ಕೆ ಪ್ರತಿಯೊಂದರ ಪಕ್ಕದ ಪುಟ್ಟ ನಲ್ಲಿಯನ್ನು ತೆರೆದಿಟ್ಟು, ಉದ್ದನೆಯ ಸಲಾಕೆಯಿಂದ ಇಂಜಿನನ್ನು ಕೈಯಾರೆ ತಿರುಗಿಸಬೇಕು. ಕಿಡಿ ಮೈಭಾರ ಹಾಕಿ ಒತ್ತಿದ. ಅದು ಮೊಂಡು ಹಿಡಿಯಿತು. ಮತ್ತೆ ಒತ್ತಿದ. ಒಳಗೆಲ್ಲೋ ಏನೋ ಮಣಿಯಿತು. ನಲ್ಲಿಯೊಂದು ಬುಸ್ಸೆಂದು ನಾಲ್ಕು ಹನಿ ನೀರು ಉಗುಳಿತು. ಜೀವಮಾನವೆಲ್ಲ ಕಬ್ಬಿಣವನ್ನು ಕೊಯ್ದೇ ಬಲ್ಲವನಿಗೆ ಅದು ಹೀಗೆ ಎದುರಾಡುವುದು ಹೊಸದು. ಅವನು ಅಂಗಿ ಬಿಚ್ಚಿಟ್ಟು ಮತ್ತೆ ಸಲಾಕೆಗೆ ಆತುಕೊಂಡ.

ಬಿಸಿಲೇರುವ ಮೊದಲೇ ಆಡಳಿತದ ಬಿಳಿ ಅಂಗಿಯ ಸಾಹೇಬ ಬಂದ.

"ಲಾರಿ ಮಧ್ಯಾಹ್ನಕ್ಕೇ ಬರುತ್ತೆ. ಈಗಲೇ ಕೊಯ್ಯೋಕೆ ಶುರು ಮಾಡು."

"ಗಡುವು ಸಂಜೆಗಲ್ವಾ?" ಎಂದಳು ಫಿಟ್ಟರ್.

"ಸತ್ತಿರೋದಕ್ಕೆ ಬೆಳಿಗ್ಗೆ ಏನು, ಸಂಜೆ ಏನಮ್ಮಾ?"

ಅವಳು ಇಂಜಿನಿನತ್ತ ತಿರುಗಿದಳು. ನಲ್ಲಿಗಳನ್ನು ಪಟಪಟನೆ ಮುಚ್ಚತೊಡಗಿದಳು. "ಕಿಡೀ, ಆ ಕಡೆಯವು ನಿಂದು. ಹಾರ್ನಣ್ಣಾ, ಸ್ಟಾರ್ಟ್ ಹೊಡಿ!" ಎಂದು ಕ್ಯಾಬಿನಿನಲ್ಲಿದ್ದ ಡ್ರೈವರನಿಗೆ ಕೂಗಿದಳು.

ಇಂಜಿನ್ ನರಳಿತು. ಕೆಮ್ಮಿತು. ಒಮ್ಮೆ ಸುಮ್ಮನಾಯಿತು. ಫಿಟ್ಟರ್ ಕಣ್ಣು ಮುಚ್ಚಿಕೊಂಡಳು. ಮರುಕ್ಷಣ ಕರಿ ಹೊಗೆ ತಗಡಿನ ಮಾಡಿಗೆ ಹೋಗಿ ಬಡಿಯಿತು, ನೆಲ ಗುಡುಗಿತು, ಗೋಡೆಯ ಸಂದಿಯಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದವು. ಅವಸರದಲ್ಲಿ ಕಿಡಿ ಮುಚ್ಚಲು ಮರೆತಿದ್ದ ಒಂದು ನಲ್ಲಿ ಸಿಳ್ಳೆ ಹಾಕುತ್ತ ಸಾಹೇಬನ ಬಿಳಿ ಅಂಗಿಯ ಮೇಲೆ ಉದ್ದಕ್ಕೂ ಎಣ್ಣೆ ಎರಚಿತು.

"ಸತ್ತೋರು ಹೀಗೆ ಉಗೀತಾರಾ ಸಾಹೇಬ್ರೇ?" ಕ್ಯಾಬಿನಿನಿಂದ ಬಂದ ಹಾರ್ನ್‌ನ ದನಿ ಇಂಜಿನಿನ ಗದ್ದಲವನ್ನೂ ಮೀರಿಸಿತು.

ಕಿಡಿ ಓಡಿಹೋಗಿ ನಲ್ಲಿ ತಿರುಗಿಸಿದ. ಇಂಜಿನಿನ ನಡುಕ ಅಂಗೈಯಿಂದ ಮೊಣಕೈವರೆಗೆ ಹತ್ತಿತು. ಫಿಟ್ಟರ್ ಕೈ ಬೀಸಿದಳು, ಹಾರ್ನ್ ಬ್ರೇಕ್ ಸಡಿಲಿಸಿದ. ಚಕ್ರಗಳು ಕಿರುಗುಟ್ಟಿದವು, ಇಡೀ ಇಂಜಿನ್ ಶೆಡ್ಡಿನ ನೆರಳು ದಾಟಿ ಬಿಸಿಲಿಗೆ ಬಂದು ನಿಂತಿತು. ಬೇಲಿಯಾಚೆ ನಿಂತಿದ್ದ ಹಳೆಯ ಕೆಲಸಗಾರರು ಹೋ ಎಂದು ಕೂಗಿದರು. ಫಿಟ್ಟರ್ ಅಳುತ್ತಿದ್ದಳೋ ನಗುತ್ತಿದ್ದಳೋ, ಮುಖದ ತುಂಬ ಮಸಿ.

ಸಾಹೇಬ ಅಂಗಿ ಒರೆಸಿಕೊಳ್ಳುತ್ತ ಕಿಡಿಯ ಹತ್ತಿರ ಬಂದ. "ಅದು ಚಲಿಸಿದ್ದು ನಾನು ನೋಡಿಲ್ಲ. ಆಫ್ ಮಾಡಿಸ್ತೀನಿ, ನೀನು ಕೊಯ್ಯಿ."

"ನಾನು ನೋಡ್ದೆ."

"ಕೊಯ್ಯಲಿಲ್ಲ ಅಂದ್ರೆ ಈ ಯಾರ್ಡಿನ ಬಾಗಿಲು ನಿಂಗೆ ಇವತ್ತೇ ಕೊನೆ."

ಕಿಡಿ ತನ್ನ ಗ್ಯಾಸ್ ಸಿಲಿಂಡರಿನ ಬಾಯಿ ಬಿಗಿಯಾಗಿ ಮುಚ್ಚಿದ. ಪೈಪನ್ನು ನಿಧಾನವಾಗಿ ಸುತ್ತಿ ಸುತ್ತಿ ಹೆಗಲಿಗೇರಿಸಿಕೊಂಡ.

"ಕೊಯ್ಯಲ್ಲ ಸಾಹೇಬ್ರೇ."

ಅವನ ಹಿಂದೆ ಇಂಜಿನ್ ಓಡುತ್ತಲೇ ಇತ್ತು. ಚಕ್ರ ಉಜ್ಜಿದಷ್ಟು ದೂರಕ್ಕೂ ಹಳಿಯ ತುಕ್ಕು ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು.