ದೇವಿಗೆ ಹಾಕಿದ ಸ್ಟೂಲು

ನಮ್ಮ ಗೇಮಿನ ಬೆಳಗಿನ ದೇವಿ ಸತ್ತದ್ದು ಒಂದು ಸ್ಟೂಲಿನಿಂದ. ಆ ಸ್ಟೂಲು ಹಾಕಿದವಳು ನನ್ನ ಸೋದರತ್ತೆ.

ಅತ್ತೆ ದುಡಿಮೆಯ ಆಯುಷ್ಯವನ್ನೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಕಳೆದವಳು. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗಲೆಂದು ನಾನೇ ಅವಳಿಗೆ ನಮ್ಮ ಕಂಪನಿಯ ಗೇಮ್ ಹಾಕಿಕೊಟ್ಟಿದ್ದೆ. ಅದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಉಳಿದ ಆಟಗಾರರು ಕತ್ತಿ ಹಿಡಿದು ರಾಕ್ಷಸರ ಬೆನ್ನು ಹತ್ತಿದರೆ, ಅತ್ತೆ ಬೆಟ್ಟದ ಬುಡದಲ್ಲಿ ಗುಡಿಸಲು ಕಟ್ಟಿಕೊಂಡು ಕುಂಬಳದ ಬಳ್ಳಿ ಬೆಳೆಸಿದಳು. ಬೀಜ ತರಲು ಹೋಗುವ ದಾರಿಯಲ್ಲಿ ದೇವಿಯ ಮಂಟಪ. ಅಲ್ಲಿ ದೇವಿ ನೆಲದಿಂದ ಗೇಣು ಮೇಲೆ ತೇಲುತ್ತ, ಬಂದವರಿಗೆಲ್ಲ ವರ ಕೊಡುತ್ತಿದ್ದಳು. ಸೂರ್ಯನನ್ನು ಹುಟ್ಟಿಸುವುದೂ ಅವಳದೇ ಕೆಲಸ.

"ಅಲ್ಲ ಕಣೋ, ಆ ಯಮ್ಮ ಯಾವಾಗ ನೋಡಿದ್ರೂ ನಿಂತೇ ಇರ್ತಾಳಲ್ಲ," ಎಂದು ಅತ್ತೆ ಒಮ್ಮೆ ಚಪಾತಿ ಲಟ್ಟಿಸುತ್ತ ಕೇಳಿದ್ದಳು. "ಕೂರೋಕೆ ಒಂದು ಜಾಗ ಮಾಡಿಕೊಡೋಕೆ ಆಗಲ್ವಾ ನಿಮ್ಮ ಆಫೀಸಿನವರಿಗೆ?"

"ಅವಳು ದೇವಿ ಅತ್ತೆ. ನೆಲಕ್ಕೆ ಕಾಲೇ ತಾಗಲ್ಲ. ನೋವು ಎಲ್ಲಿಂದ ಬರ್ಬೇಕು?"

"ಕೌಂಟರಿನ ಆ ಕಡೆ ನಿಂತವರೆಲ್ಲ ಹೀಗೇ ಅಂತಿದ್ರು."

ಆಮೇಲೆ ಬಂದ ಅಪ್ಡೇಟಿನಲ್ಲಿ ಆಟಗಾರರೇ ಮೇಜು, ಮಂಚ ಮಾಡಿಕೊಳ್ಳಬಹುದು ಎಂದಾಯಿತು. ಎದುರಿಗೆ ಪೀಠ ಕಂಡರೆ ಯಾವ ಪಾತ್ರವಾದರೂ ಕೂರಬೇಕು ಎಂಬ ನಿಯಮವನ್ನೂ ಸೇರಿಸಿದೆವು. ಅತ್ತೆ ಮೊದಲು ಮಾಡಿದ್ದೇ ಮೂರು ಕಾಲಿನ ಒಂದು ಸ್ಟೂಲು. ಒಯ್ದು ಮಂಟಪದಲ್ಲಿ ಇಟ್ಟಳು. ದೇವಿ ಸ್ಟೂಲನ್ನು ನೋಡಿದಳು, ಕೆಳಗಿಳಿದು ಕೂತಳು, "ಅಮ್ಮಾ" ಎಂದಳು, ಸತ್ತಳು. ಆ ಲೋಕದಲ್ಲಿ ಕತ್ತಲಾಯಿತು. ಅತ್ತೆಯ ತಲೆಯ ಮೇಲೆ 'ದೇವಹಂತಕಿ' ಎಂಬ ಕೆಂಪು ಅಕ್ಷರಗಳು ಹೊತ್ತಿಕೊಂಡವು.

ಆಫೀಸಿನಲ್ಲಿ ಕಾರಣ ಹೇಳಬೇಕಾದವನು ಗುರುತ್ವ. ಗೇಮಿನ ಭೌತಶಾಸ್ತ್ರವನ್ನೆಲ್ಲ ಬರೆದವನಾದ್ದರಿಂದ ಅವನಿಗೆ ಆ ಹೆಸರು.

"ಬಿದ್ದಾಗ ಆಗೋ ಪೆಟ್ಟನ್ನ ಎತ್ತರದಿಂದ ಅಳೀತಿಲ್ಲ ನಾನು," ಎಂದ. "ಕಾಲು ನೆಲ ಬಿಟ್ಟು ಎಷ್ಟು ಹೊತ್ತಾಯ್ತು ಅನ್ನೋದರಿಂದ ಅಳೀತೀನಿ. ಎರಡೂ ಒಂದೇ ತಾನೆ?"

"ಬೀಳೋರಿಗೆ ಒಂದೇ. ತೇಲೋರಿಗೆ?"

ಗುರುತ್ವ ಕನ್ನಡಕ ತೆಗೆದು ಒರೆಸಿದ. ಅವನ ಲೆಕ್ಕದಲ್ಲಿ, ಗೇಮ್ ಶುರುವಾದಂದಿನಿಂದ ದೇವಿ ನಮ್ಮೆಲ್ಲರ ಕಣ್ಣೆದುರಿಗೇ ಬೀಳುತ್ತಲೇ ಇದ್ದಳು. ಅತ್ತೆ ಅವಳಿಗೆ ನೆಲ ಕೊಟ್ಟಿದ್ದಳು, ಅಷ್ಟೆ.

ದೇವಿಯನ್ನು ಎಬ್ಬಿಸುವುದು ಕಷ್ಟವಾಗಲಿಲ್ಲ. ಗುರುತ್ವನ ಲೋಕದಲ್ಲಿ ಯಾವುದೂ ನಾಶವಾಗುವುದಿಲ್ಲ. ಅವಳ ಪ್ರಾಣ ಒಂದು ಹೊಳೆಯುವ ಗೋಲಿಯಾಗಿ ಮಂಟಪದ ಮೂಲೆಗೆ ಉರುಳಿ ಹೋಗಿತ್ತು. ಅದನ್ನು ಸ್ಟೂಲಿನ ಮೇಲಿಟ್ಟೆವು. ದೇವಿ ಕೂತ ಭಂಗಿಯಲ್ಲೇ ಎದ್ದಳು. ಸೂರ್ಯನೂ ಹುಟ್ಟಿದ.

ಆದರೆ ಅತ್ತೆಯ ತಲೆಯ ಮೇಲಿನ ಅಕ್ಷರಗಳು ಹೋಗಲಿಲ್ಲ. ಅವಳನ್ನು ಕಂಡರೆ ಬೀಜದಂಗಡಿಯವನು ಬಾಗಿಲು ಹಾಕುತ್ತಿದ್ದ. ಕೋಳಿಗಳೂ ಓಡುತ್ತಿದ್ದವು. ಯಾರೋ ಮೂವರು ಯೋಧರು ಗುಡಿಸಲ ಮುಂದೆ ಮಂಡಿಯೂರಿ, ತಮ್ಮನ್ನು ಶಿಷ್ಯರಾಗಿ ಸ್ವೀಕರಿಸಬೇಕೆಂದು ಬೇಡಿಕೊಂಡರು. ಬೀಜವಿಲ್ಲದೆ ಪಾತಿಗಳು ಖಾಲಿ ಬಿದ್ದವು.

"ಇರುವೆ ಕಂಡ್ರೂ ದಾಟಿ ಹೋಗೋಳು ನಾನು," ಎಂದಳು ಅತ್ತೆ, ತಟ್ಟೆ ಅತ್ತ ಸರಿಸಿ. "ಈ ಹೆಸರು ಹೊತ್ಕೊಂಡು ಯಾರ ಮುಖ ನೋಡ್ಲಿ?"

"ಅಳಿಸಿಬಿಡು ಮಾರಾಯ," ಎಂದು ಗುರುತ್ವನ ಬೆನ್ನು ಬಿದ್ದೆ.

"ಅಳಿಸೋಕಾಗಲ್ಲ. ಹೇಳಿದ್ನಲ್ಲ, ಇಲ್ಲಿ ಏನೂ ನಾಶ ಆಗಲ್ಲ. ದೇವಿ ಕೊಡೋ ವರಗಳಲ್ಲಿ ಕೊನೇದು ಕ್ಷಮೆ. ಅದನ್ನ ಬೇಡಬೇಕು."

ನನಗೆ ಆ ವರದ ನೆನಪೇ ಇರಲಿಲ್ಲ. ಕತ್ತಿ, ಚಿನ್ನ, ದೀರ್ಘಾಯುಷ್ಯ ಬಿಟ್ಟು ಪಟ್ಟಿಯಲ್ಲಿ ಅಷ್ಟು ಕೆಳಗೆ ಯಾರೂ ಇಳಿದಿರಲಿಲ್ಲ.

"ಬೇಡಿದ್ರೆ ಆರೋಪ ಹೋಗುತ್ತಾ?"

"ಎಲ್ಲಕ್ಕಿಂತ ಹತ್ತಿರ ಇರೋದಕ್ಕೆ ಹೋಗಿ ಅಂಟುತ್ತೆ. ಬೇಡಿದವರನ್ನೂ ಕೊಟ್ಟವರನ್ನೂ ಬಿಟ್ಟು."

ಮರುದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವಹಂತಕಿ ಕ್ಷಮೆ ಬೇಡುತ್ತಾಳಂತೆ ಎಂಬ ಸುದ್ದಿ ಹಬ್ಬಿ ಸಾವಿರಾರು ಆಟಗಾರರು ನೆರೆದಿದ್ದರು. ಗುರುತ್ವನೂ ಮಂತ್ರವಾದಿಯ ವೇಷದಲ್ಲಿ ಮೊದಲ ಸಾಲಿನಲ್ಲೇ ನಿಂತಿದ್ದ. ನಾನು ಮನೆಯಲ್ಲಿ ಅತ್ತೆಯ ಪಕ್ಕ ಕೂತು, ಗುರುತ್ವ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಹೇಳದೆ ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು.

"ಅಂದ್ರೆ ಬೇರೆಯವರ ತಲೆಗೆ ಕಟ್ಟಿ ನಾನು ಒಳ್ಳೆಯವಳಾಗ್ಬೇಕಾ?" ಅವಳು ಮೌಸಿನಿಂದ ಕೈ ತೆಗೆದಳು.

"ನಿನಗೆ ಬೀಜ ಬೇಕಾ ಬೇಡ್ವಾ?"

ಅತ್ತೆ ಮೈಕು ಹತ್ತಿರಕ್ಕೆ ಎಳೆದುಕೊಂಡಳು. ಔಷಧಿ ಅಂಗಡಿಯ ಗದ್ದಲವನ್ನು ಸುಮ್ಮನಾಗಿಸುತ್ತಿದ್ದ ಹಳೆಯ ದನಿಯಲ್ಲಿ, "ಎಲ್ಲರೂ ಹಿಂದೆ ಸರೀರಪ್ಪಾ! ಹತ್ತಿರ ಇದ್ದವರಿಗೆ ಅಂಟುತ್ತಂತೆ!" ಎಂದಳು.

ರಾಕ್ಷಸರ ಎದುರು ಕದಲದ ವೀರರು ದಿಕ್ಕಾಪಾಲಾಗಿ ಓಡಿದರು. ಕುದುರೆಗಳು ಸವಾರರನ್ನು ಬಿಟ್ಟು ಹೋದವು. ಗುರುತ್ವ ಎಲ್ಲರಿಗಿಂತ ಮುಂದಿದ್ದ. ಮಂಟಪ ಖಾಲಿಯಾಯಿತು.

"ಏನು ಬೇಕು?" ಎಂದಳು ದೇವಿ.

ಅತ್ತೆ ಪಟ್ಟಿಯ ಕೊನೆಗಿಳಿದು ಕ್ಷಮೆಯನ್ನು ಒತ್ತಿದಳು. ಅವಳ ತಲೆಯ ಮೇಲಿನ ಕೆಂಪು ಅಕ್ಷರಗಳು ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಯಾರೂ ಸಿಗದೆ, ನಿಧಾನವಾಗಿ ಇಳಿದು ಸ್ಟೂಲಿಗೆ ಅಂಟಿಕೊಂಡವು. ದೇವಿ ದೇವಹಂತಕಿಯ ಮೇಲೆ ನೆಮ್ಮದಿಯಾಗಿ ಕೂತಿದ್ದಳು.

ನಾನು ಚಪ್ಪಾಳೆ ತಟ್ಟಿದೆ. ಅತ್ತೆ ತಟ್ಟಲಿಲ್ಲ. ಕುರ್ಚಿಗೆ ಒರಗಿ ಸ್ಕ್ರೀನನ್ನೇ ನೋಡುತ್ತಿದ್ದಳು.

"ಪಾಪ ಕಣೋ. ಅದೇನು ಮಾಡ್ತು? ನಾನು ಇಟ್ಟ ಕಡೆ ನಿಂತಿತ್ತು."

"ಅದು ಸ್ಟೂಲು ಅತ್ತೆ."

"ಆದ್ರೇನು? ನಾಳೆ ಬಂದು ಅದರ ಪರವಾಗಿ ಬೇಡ್ತೀನಿ."

ನಾನು ಮಂಟಪದ ಅಳತೆಗಳನ್ನು ನೆನಪಿಸಿಕೊಂಡೆ. "ಆಗ ಕಂಬಕ್ಕೆ ಹೋಗುತ್ತೆ."

"ಹೋಗ್ಲಿ ಬಿಡು. ಕಂಬಕ್ಕಾದ್ರೆ ಭಾರ ಹೊತ್ತು ಅಭ್ಯಾಸ ಇರುತ್ತೆ," ಎಂದು ಅತ್ತೆ ಬೀಜದಂಗಡಿಯ ಕಡೆ ಹೊರಟಳು. ಈ ಸಲ ಬಾಗಿಲು ತೆರೆದೇ ಇತ್ತು.