ಕಲ್ಲಿಗೆ ಹೇಳಿದ ಕನಸು

ಸಂಕ್ರಾಂತಿಗೆ ಇನ್ನೂ ವಾರವಿತ್ತು. ಚಾಮರಾಜಪೇಟೆಯ ವಠಾರದ ಕೊನೆ ಮನೆಯಲ್ಲಿ ಮುನಿಲಕ್ಷ್ಮಮ್ಮ ಬಿಸಿಲಿಗೆ ಕಾಲು ಚಾಚಿ, ಎಳ್ಳು ಬೀರಲು ಅಡಕತ್ತರಿಯಲ್ಲಿ ಅಚ್ಚುಬೆಲ್ಲ ಕತ್ತರಿಸುತ್ತಿದ್ದಳು. ಕೊಬ್ಬರಿ ಚೂರು ಆಗಲೇ ಮೊರದಲ್ಲಿ ಒಣಗುತ್ತಿತ್ತು. ಮಗಳು ಹೇಮಶ್ರೀ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ತುಟಿ ಆಡಿಸುತ್ತಿದ್ದಳು.

ಇಪ್ಪತ್ತರ ಹುಡುಗಿ, ಬಳೆ ಮೊಣಕೈವರೆಗೂ ಜಾರುತ್ತಿತ್ತು. ರಾತ್ರಿ ಉಂಡರೆ ಕನಸು ಬೀಳುತ್ತದೆಂದು ಉಣ್ಣುವುದನ್ನೇ ಬಿಟ್ಟಿದ್ದಳು. ಬಲವಂತಕ್ಕೆ ಉಂಡದ್ದನ್ನು ಬಚ್ಚಲಲ್ಲಿ ಕಕ್ಕುತ್ತಿದ್ದಳು. ಬಸವನಗುಡಿಯ ಡಾಕ್ಟರ್ ಪ್ರಿಯಂವದಾ, "ಖಾಲಿ ಹೊಟ್ಟೇಲೂ ನಿದ್ದೆ ಕೆಡುತ್ತಮ್ಮ. ಊಟ, ಕನಸು ಎರಡನ್ನೂ ಒಟ್ಟಿಗೇ ನೋಡೋಣ" ಎಂದು, ಹೊತ್ತುಹೊತ್ತಿಗೆ ಇಷ್ಟಿಷ್ಟೇ ಉಣ್ಣಲು ಹೇಳಿದ್ದರು. ಕನಸಿನ ಕೊನೆಯನ್ನು ತನಗೆ ಬೇಕಾದಂತೆ ಬದಲಿಸಿಕೊಂಡು, ಹಗಲಲ್ಲಿ ದಿನವೂ ಮನೆಯವರಿಗೆ ಹೇಳಬೇಕು. ಹೇಳುತ್ತ ಹೇಳುತ್ತ ರಾತ್ರಿಯದೂ ಬದಲಾದೀತು ಎಂದಿದ್ದರು.

ಮುನಿಲಕ್ಷ್ಮಮ್ಮ ಒಪ್ಪಿರಲಿಲ್ಲ. ಅವಳ ಊರಲ್ಲಿ ಕೆಟ್ಟ ಕನಸನ್ನು ಮನುಷ್ಯರಿಗೆ ಹೇಳುತ್ತಿರಲಿಲ್ಲ. ಕೇಳಿದವರಿಗೆ ಅಂಟುತ್ತದೆಂದು ಕಲ್ಲಿಗೆ ಹೇಳಿ ನೀರು ಹುಯ್ಯುತ್ತಿದ್ದರು. ಹಾಗಾಗಿ ಹೇಮಶ್ರೀಯೂ ತಿಂಗಳಿಂದ ಕಲ್ಲಿಗೇ ಹೇಳುತ್ತಿದ್ದಳು. ಕನಸು ಮಾತ್ರ ಇದ್ದ ಹಾಗೇ ಇತ್ತು.

"ಕಲ್ಲು ಹೂಂ ಅನ್ನುತ್ತೇನ್ರೀ?" ಎಂದು ಡಾಕ್ಟರು ನಿನ್ನೆ ಗದರಿದ್ದರು. "ನೀವು ಕೂತು ಕೇಳ್ಬೇಕು."

"ಬಾರೇ ಇಲ್ಲಿ," ಮುನಿಲಕ್ಷ್ಮಮ್ಮ ಕೂಗಿದಳು. "ಅದೇನೋ ನಂಗೇ ಹೇಳು. ಅಂಟಿದ್ರೆ ಅಂಟ್ಲಿ, ಈ ಮುದಿ ಗೊಡ್ಡಿಗೆ ಇನ್ನೇನಾಗ್ಬೇಕು?"

ಹೇಮಶ್ರೀ ಬೆಲ್ಲದಿಂದ ದೂರ ಕೂತು ಕಣ್ಣು ಮುಚ್ಚಿದಳು. "ಗೋಣಿಚೀಲದ ವಾಸನೆ. ಕತ್ತಲೆ. ಕೂಗ್ಬಾರ್ದು ಅಂತ ಬಾಯಿಗೆ ಬೆಲ್ಲದುಂಡೆ ತುರುಕ್ತಾರೆ. ನುಂಗಕ್ಕಾಗಲ್ಲ, ಉಗಿಯಕ್ಕಾಗಲ್ಲ. ಇಲ್ಲಿಂದಾಚೆ ನಾನು ಬದಲಾಯಿಸಿರೋದು. ನೀನು ಬಂದು ಬಾಗಿಲು ತೆಗೀತೀಯ. ಬೆಳಕು ಬರುತ್ತೆ. ನನ್ನ ಎತ್ಕೊಂಡು..."

ಅಡಕತ್ತರಿ ನಿಂತಿತು. ಗೋಣಿಚೀಲ, ಬೆಲ್ಲ. ತಾಯಿ ಮಗಳಿಗೆ ಗೊತ್ತಿದ್ದ ಬೆಲ್ಲದ ಮಂಡಿ ಒಂದೇ, ಗಂಡನ ಅಣ್ಣ ದೊಡ್ಡಬೈರಪ್ಪನದು. ಗಂಡ ಸತ್ತಾಗ ಇರಲು ಈ ಮನೆ ಕೊಟ್ಟವನು, ಹೇಮಶ್ರೀಯನ್ನು ಓದಿಸಿದವನು. ಮಗು ಚಿಕ್ಕದಿದ್ದಾಗ ರಜದಲ್ಲಿ ಮಂಡಿಗೆ ಬಿಟ್ಟು ಬರುತ್ತಿದ್ದವಳು ತಾನೇ.

"ಭಾವನೋರಾ?"

ಹೇಮಶ್ರೀ ಹೌದೆಂದು ತಲೆಯಾಡಿಸಿದಳು.

ಮುನಿಲಕ್ಷ್ಮಮ್ಮ ಎದ್ದುಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿ ಬಂದಳು. ಮೊರದ ಕೊಬ್ಬರಿ ಚೂರನ್ನು ಕೈಯಾಡಿಸಿ ಹರಡಿದಳು.

"ಅವರ ಋಣ ನಮ್ಮ ಮೇಲೆ ಬಾಳ ಐತೆ ಮಗ," ಎಂದಳು ಕೊನೆಗೆ. "ಹಬ್ಬಕ್ಕೆ ಬತ್ತಾರೆ. ಬ್ಯಾಡ ಅನ್ನಕ್ಕೆ ನಂಗ್ಯಾವ ಬಾಯೈತೆ? ಡಾಕ್ಟ್ರಮ್ಮಂಗೂ ಹೆಸರು ಹೇಳ್ಬ್ಯಾಡ. ಆ ಕಲ್ಲಿಗೇ ಹೇಳ್ಕೊ."

ಹೇಮಶ್ರೀ ಅಳಲಿಲ್ಲ. ಒಳಗೆ ಹೋಗಿ ಡಾಕ್ಟರು ಹೇಳಿದಷ್ಟು ಅನ್ನ ತಾನೇ ಬಡಿಸಿಕೊಂಡು ಬಂದಳು. ತುತ್ತು ತುತ್ತಿಗೂ ಕಾದು, ನುಂಗಿ, ಮತ್ತೆ ಕಲೆಸಿದಳು.

"ಕನಸಿನ ಕೊನೇನ ಇನ್ನೊಂದು ಸಲ ಬದಲಾಯಿಸ್ತೀನಮ್ಮ. ಬಾಗಿಲು ನಾನೇ ತೆಗೀತೀನಿ. ನೀನು ಬರೋದು ಬೇಡ."

"ಹಂಗಾದ್ರೆ ನಾನೆಲ್ಲಿರ್ತೀನೇ?"

"ಗೊತ್ತಿಲ್ಲ."

ಮಗಳು ಇನ್ನೇನಾದರೂ ಹೇಳುತ್ತಾಳೇನೋ ಎಂದು ಮುನಿಲಕ್ಷ್ಮಮ್ಮ ಕಾದಳು. ಹೇಮಶ್ರೀ ತಟ್ಟೆಯ ಕಡೆ ತಿರುಗಿ ಉಣ್ಣುತ್ತಿದ್ದಳು.